ಕೀರ್ತನೆ 29: ಪ್ರಳಯದ ಮೇಲೆ ದೇವರು ಕೂತಿದ್ದಾನೆ ಅಂದರೆ ಗುಡ್ಡ ಜಾರಿಸಿದ್ದೂ ಅವನೇನಾ?

ಹಟ್ಟಿಹೊಳೆ ಹುಡುಗ:

ಎಲ್ಲರಿಗೂ ನಮಸ್ಕಾರ. ಬೈಬಲ್ ಚೆನ್ನಾಗಿ ಓದಿದವರು ಇಲ್ಲಿದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ಮೊನ್ನೆ ಒಂದು ಮನೆ ಪ್ರಾರ್ಥನೆಯಲ್ಲಿ ಕೀರ್ತನೆ 29 ಓದಿದರು. ಹೊರಗೆ ಜೋರು ಮಳೆ ಇತ್ತು, ಅದಕ್ಕೇ ಆರಿಸಿದರು ಅನ್ನಿಸುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಪೂರ್ತಿ ಗುಡುಗಿನ ಕೀರ್ತನೆ. ದೇವರ ಸ್ವರ ನೀರಿನ ಮೇಲೆ ಗುಡುಗುತ್ತದೆ, ಲೆಬನೋನಿನ ದೇವದಾರು ಮರಗಳನ್ನು ಮುರಿಯುತ್ತದೆ, ಬೆಟ್ಟಗಳನ್ನು ಕರುವಿನ ಹಾಗೆ ಕುಣಿಸುತ್ತದೆ, ಕಾಡನ್ನು ಬೋಳು ಮಾಡುತ್ತದೆ. ಓದುವಾಗ ಮೈ ಜುಮ್ ಅನ್ನುತ್ತದೆ. ನನಗೆ ಕಷ್ಟವಾದದ್ದು 10ನೇ ವಚನ. ಯೆಹೋವನು ಜಲಪ್ರಳಯದ ಮೇಲೆ ರಾಜನಾಗಿ ಕೂತಿದ್ದಾನೆ ಅನ್ನುತ್ತದೆ. ಒಬ್ಬ ಹಿರಿಯರು ಇದೇ ವಚನ ಹಿಡಿದುಕೊಂಡು, 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನ ಗುಡ್ಡಗಳು ಜಾರಿದ್ದು ಸುಮ್ನೆ ಅಲ್ಲ, ಜನರ ಪಾಪ ಜಾಸ್ತಿಯಾಗಿತ್ತು, ಅದು ದೇವರ ಎಚ್ಚರಿಕೆ ಅಂದರು. ಎಲ್ಲರೂ ತಲೆ ಆಡಿಸಿದರು. ನಾನು ಬಾಯಿ ಬಿಡಲಿಲ್ಲ. ಹಿರಿಯರು, ನಮಗೆಲ್ಲ ಬೇಕಾದವರು, ಅಲ್ಲಿ ಎದುರು ಮಾತಾಡಿದರೆ ಚೆನ್ನಾಗಿರುವುದಿಲ್ಲ.

ಆದರೆ ನಮ್ಮ ದೊಡ್ಡಪ್ಪನ ಮನೆ, ಗದ್ದೆ ಎರಡೂ ಆ ಸಲ ಮಣ್ಣಿನ ಅಡಿ ಹೋಗಿದೆ. ಜೀವ ಉಳಿಯಿತು, ಅಷ್ಟೇ. ಈಗ ಸರ್ಕಾರ ಕೊಟ್ಟ ಪುನರ್ವಸತಿ ಮನೆಯಲ್ಲಿದ್ದಾರೆ. ಅವರು ಮಾಡಿದ ಪಾಪ ಏನು ಅಂತ ನನಗಂತೂ ಗೊತ್ತಿಲ್ಲ. ಭಾನುವಾರ ತಪ್ಪಿಸಿದವರಲ್ಲ.

ನನ್ನ ಪ್ರಶ್ನೆ ಇಷ್ಟೇ. ಈ ಕೀರ್ತನೆ ನಿಜವಾಗಿ ಏನು ಹೇಳುತ್ತಿದೆ? ಪ್ರಕೃತಿಯ ಮೇಲೆ ದೇವರಿಗೆ ಪೂರ್ತಿ ಅಧಿಕಾರ ಇದೆ ಅಂತ ಒಪ್ಪಿಕೊಂಡರೆ, ಆ ಹಿರಿಯರು ಹೇಳಿದ್ದನ್ನೂ ಒಪ್ಪಲೇಬೇಕಾ?


ವಿರಾಜಪೇಟೆ ಟೀಚರ್:

ಒಳ್ಳೆಯ ಪ್ರಶ್ನೆ ತಮ್ಮಾ. ಒಪ್ಪಬೇಕಾಗಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಆ ಕೀರ್ತನೆಯನ್ನು ಮಳೆಯ ದಾರಿ ನೋಡಿಕೊಂಡು ಓದು. 3ನೇ ವಚನದಲ್ಲಿ ಸ್ವರ ಇರುವುದು ಮಹಾಜಲದ ಮೇಲೆ, ಅಂದರೆ ಸಮುದ್ರದ ಮೇಲೆ. 5 ಮತ್ತು 6ರಲ್ಲಿ ಲೆಬನೋನ್ ಮತ್ತು ಸಿರ್ಯೋನ್ ಬರುತ್ತವೆ. ಸಿರ್ಯೋನ್ ಅಂದರೆ ಹೆರ್ಮೋನ್ ಬೆಟ್ಟ, 2,800 ಮೀಟರಿಗಿಂತ ಎತ್ತರ. 8ರಲ್ಲಿ ಕಾದೇಶಿನ ಮರುಭೂಮಿ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದಿಂದ ಎದ್ದ ಬಿರುಗಾಳಿ ದಡಕ್ಕೆ ಬಂದು, ಬೆಟ್ಟಕ್ಕೆ ಬಡಿದು, ಕಾಡು ನಡುಗಿಸಿ, ಆಚೆ ಒಣ ನೆಲಕ್ಕೆ ಇಳಿಯುತ್ತದೆ. ನಮ್ಮವರಿಗೆ ಇದು ಅರ್ಥವಾಗುವುದು ಸುಲಭ. ಅರಬ್ಬಿ ಸಮುದ್ರದಿಂದ ಬಂದ ಮೋಡ ಬ್ರಹ್ಮಗಿರಿಗೆ, ಪುಷ್ಪಗಿರಿಗೆ ಬಡಿದು ಭಾಗಮಂಡಲದಲ್ಲಿ ಕೊಡ ಕವುಚಿದ ಹಾಗೆ ಸುರಿದು, ಕುಶಾಲನಗರ ದಾಟುವ ಹೊತ್ತಿಗೆ ತೆಳುವಾಗುತ್ತದಲ್ಲ, ಅದೇ ಥರ. ಬರೆದವನು ಬಿರುಗಾಳಿಯನ್ನು ಕಣ್ಣಾರೆ ನೋಡಿದವನು, ಸಂಶಯ ಬೇಡ. (ಕಾದೇಶ್ ಯಾವುದು ಅನ್ನುವುದರಲ್ಲಿ ಪಂಡಿತರಿಗೆ ಜಗಳ ಇದೆ. ದಕ್ಷಿಣದ್ದು ಅನ್ನುವವರಿದ್ದಾರೆ, ಉತ್ತರಕ್ಕೆ ಸಿರಿಯಾದ ಕಡೆಯದು ಅನ್ನುವವರೂ ಇದ್ದಾರೆ. ನಮಗೆ ಅದರಿಂದ ಹೆಚ್ಚು ವ್ಯತ್ಯಾಸ ಇಲ್ಲ.)

ಇನ್ನು ಮುಖ್ಯ ವಿಷಯ. ಆ ಕಾಲದಲ್ಲಿ ಆ ನಾಡಿನ ಜನ ಗುಡುಗು ಯಾರದು ಅಂತ ಕೇಳಿದರೆ ಬಾಳ ಅನ್ನುವ ತಮ್ಮ ದೇವರದು ಅನ್ನುತ್ತಿದ್ದರು. 1929ರಿಂದ ಸಿರಿಯಾದ ಕರಾವಳಿಯ ರಾಸ್ ಶಮ್ರಾ ಅನ್ನುವ ಕಡೆ ಅಗೆದಾಗ ಉಗಾರಿಟ್ ಅನ್ನುವ ಹಳೆಯ ಪಟ್ಟಣ ಸಿಕ್ಕಿತು. ಅಲ್ಲಿನ ಮಣ್ಣಿನ ಹಲಗೆಗಳಲ್ಲಿ ಬಾಳನ ಕಥೆ ಇದೆ. ಅವನು ಮೋಡ ಏರಿ ಬರುವವನು, ಸಮುದ್ರವನ್ನು ಸೋಲಿಸಿದವನು, ಗುಡುಗು ಅವನ ಸ್ವರ, ಬೆಟ್ಟದ ಮೇಲೆ ಅವನ ಅರಮನೆ. ಈಗ 29ನೇ ಕೀರ್ತನೆ ಓದಿದರೆ ಹೆಚ್ಚುಕಡಿಮೆ ಅದೇ ಚಿತ್ರ, ಹೆಸರು ಮಾತ್ರ ಬೇರೆ. ಅದಕ್ಕೇ ಕೆಲವು ವಿದ್ವಾಂಸರು ಇದು ಮೊದಲು ಬಾಳನ ಸ್ತುತಿಯೇ ಆಗಿತ್ತು, ಇಸ್ರಾಯೇಲರು ತೆಗೆದುಕೊಂಡು ತಿದ್ದಿದರು ಅಂತಲೂ ಹೇಳುತ್ತಾರೆ. ನನಗೆ ಅಷ್ಟು ದೂರ ಹೋಗಬೇಕು ಅನ್ನಿಸುವುದಿಲ್ಲ, ಆದರೆ ಯಾರಿಗೆ ಉತ್ತರ ಕೊಡುತ್ತಿದೆ ಅನ್ನುವುದು ಸ್ಪಷ್ಟ. ‘ಯೆಹೋವನ ಸ್ವರ’ ಅಂತ ಏಳು ಸಲ ಬರುತ್ತದೆ, ಎಣಿಸಿ ನೋಡು. ಬಾಳನದಲ್ಲ, ಬಾಳನದಲ್ಲ ಅಂತ ಏಳು ಸಲ ಹೇಳಿದ ಹಾಗೆ.

ಅಂದರೆ ಕೀರ್ತನೆ ಕೇಳುತ್ತಿರುವ ಪ್ರಶ್ನೆ ‘ಈ ಮಳೆಯ ಒಡೆಯ ಯಾರು’ ಅಂತ. ‘ಈ ಮಳೆಯಲ್ಲಿ ಯಾರ ಮನೆ ಯಾಕೆ ಹೋಯಿತು’ ಅಂತ ಅಲ್ಲ. ಪಾಪ, ಶಿಕ್ಷೆ, ಎಚ್ಚರಿಕೆ, ಇದರಲ್ಲಿ ಒಂದು ಮಾತೂ ಆ ಹನ್ನೊಂದು ವಚನಗಳಲ್ಲಿ ಇಲ್ಲ. ಇಲ್ಲದ್ದನ್ನು ತಂದು ಸೇರಿಸಿದವರು ಆ ಹಿರಿಯರು.


ಗ್ರೇಸ್ ಕುಟುಂಬ, ಸಿದ್ದಾಪುರ:

ಟೀಚರ್ ಹೇಳಿದ್ದು ಚೆನ್ನಾಗಿದೆ, ಆದರೆ ಪೂರ್ತಿ ಬೈಬಲ್ ನೋಡಬೇಕಲ್ಲ ಬ್ರದರ್. ಒಂದು ಕೀರ್ತನೆ ಮಾತ್ರ ನೋಡಿದರೆ ಆಯಿತಾ? ಧರ್ಮೋಪದೇಶಕಾಂಡ 11ರಲ್ಲಿ ದೇವರೇ ಹೇಳುತ್ತಾನೆ, ನೀವು ಬೇರೆ ದೇವರುಗಳ ಕಡೆ ತಿರುಗಿದರೆ ಆಕಾಶ ಮುಚ್ಚಿಬಿಡುತ್ತೇನೆ, ಮಳೆ ಬರುವುದಿಲ್ಲ ಅಂತ. ಪ್ರವಾದಿ ಆಮೋಸನ ಪುಸ್ತಕದ 4ರಲ್ಲೂ ಇದೆ, ಒಂದು ಊರಿಗೆ ಮಳೆ ಕೊಟ್ಟೆ, ಇನ್ನೊಂದು ಊರಿಗೆ ಕೊಡಲಿಲ್ಲ, ಆದರೂ ನೀವು ನನ್ನ ಕಡೆ ತಿರುಗಲಿಲ್ಲ ಅಂತ. ನೋಹನ ಕಾಲದ ಪ್ರಳಯ ಯಾಕೆ ಬಂತು? ಪಾಪಕ್ಕೇ ಅಲ್ವಾ? ಹಿರಿಯರು ಹೇಳಿದ್ದು ಕಠಿಣವಾಗಿ ಕೇಳಿಸಬಹುದು, ಆದರೆ ವಾಕ್ಯದಲ್ಲಿ ಇಲ್ಲದ್ದು ಅಂತ ಹೇಳಬೇಡಿ. ಈಗಿನವರಿಗೆ ದೇವರ ಪ್ರೀತಿ ಮಾತ್ರ ಬೇಕು, ಭಯ ಬೇಡ.


ಕಾಫಿ ಕಣ:

ನಾನು ಪಂಡಿತ ಅಲ್ಲ, ತೋಟ ನೋಡಿಕೊಂಡಿರುವವನು. ಮಾದಾಪುರದ ಹತ್ತಿರ ಸ್ವಲ್ಪ ರೊಬಸ್ಟಾ ಕಾಫಿ ಇದೆ. ಎರಡು ಮಾತು.

ಒಂದು. ದೇವರು ಮಾಡಿದ್ದನ್ನು ಹುಡುಕುವ ಮೊದಲು ಜೆಸಿಬಿ ಮಾಡಿದ್ದನ್ನು ನೋಡಬೇಕು. 2018ರ ಮಳೆ ವಿಪರೀತ ಇತ್ತು, ನಿಜ. ಮಣ್ಣು ನೀರು ಕುಡಿದು ಕುಡಿದು ಭಾರವಾಗಿತ್ತು. ಆದರೆ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಬಂದು ನೋಡಿದಾಗ ಮಳೆಯ ಜೊತೆಗೆ ಇಳಿಜಾರನ್ನು ಕಡಿದು ಬದಲಾಯಿಸಿದ್ದನ್ನೂ ಕಾರಣ ಅಂತ ಹೇಳಿದ್ದರು. ರಸ್ತೆಗೆ ಗುಡ್ಡದ ಅಂಚಿನ ಬರೆ ಕಡಿದದ್ದು, ಮನೆಗೆ, ಹೋಂಸ್ಟೇಗೆ ಅಂತ ಗುಡ್ಡವನ್ನು ನೆಟ್ಟಗೆ ಕೊಯ್ದು ಮಟ್ಟ ಮಾಡಿದ್ದು, ನೀರು ತಾನಾಗಿ ಹರಿಯುತ್ತಿದ್ದ ತೋಡನ್ನು ಮುಚ್ಚಿದ್ದು. ಬುಡ ಕಡಿದ ಮೇಲೆ ಮೇಲಿನ ಮಣ್ಣು ಯಾವುದರ ಮೇಲೆ ನಿಲ್ಲಬೇಕು? ಇನ್ನು ಅನ್ಯಾಯ ಏನು ಅಂದರೆ, ಕಡಿದವನ ಮನೆಯೇ ಹೋಗಬೇಕು ಅಂತ ಏನೂ ಇಲ್ಲ. ಮೇಲೆ ಕಡಿದರೆ ಕೆಳಗಿನ ಬಡವನ ಲೈನ್ ಮನೆ (ತೋಟದ ಕೂಲಿಯವರ ಸಾಲುಮನೆ) ಹೋಗುತ್ತದೆ. ಇದನ್ನು ದೇವರ ತಲೆಗೆ ಕಟ್ಟಿದರೆ ಕಡಿದವನು ಆರಾಮವಾಗಿ ಇನ್ನೊಂದು ಗುಡ್ಡ ಕಡಿಯುತ್ತಾನೆ. ಅದಕ್ಕೇ ನನಗೆ ಈ ‘ದೇವರ ಎಚ್ಚರಿಕೆ’ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ಎರಡು. ಸಿದ್ದಾಪುರದವರು ಧರ್ಮೋಪದೇಶಕಾಂಡ 11 ಅಂದರಲ್ಲ, ಅದರಲ್ಲೇ ಸ್ವಲ್ಪ ಮೇಲೆ 10, 11ನೇ ವಚನ ನೋಡಿ. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ನೀವು ಬಿತ್ತಿ ಕಾಲಿನಿಂದ ನೀರು ಕಟ್ಟುತ್ತಿದ್ದಿರಿ, ಈಗ ಹೋಗುವ ಕಾನಾನ್ ದೇಶ ಬೆಟ್ಟ ಕಣಿವೆಗಳದು, ಆಕಾಶದ ಮಳೆಯನ್ನೇ ಕುಡಿಯುವ ನೆಲ ಅಂತ ಇದೆ. ಮುಂಗಾರು, ಹಿಂಗಾರು ಎರಡನ್ನೂ ಕಾಲಕ್ಕೆ ಸರಿಯಾಗಿ ಕೊಡುತ್ತೇನೆ ಅಂತಲೂ ಇದೆ. ನನಗೆ ಇಡೀ ಬೈಬಲಿನಲ್ಲಿ ತುಂಬ ಹತ್ತಿರವಾದ ವಾಕ್ಯ ಇದು. ಮಾರ್ಚಿಯಲ್ಲಿ ಕಾಫಿ ಹೂವು ಅರಳಿಸುವ ಹೂಮಳೆಗೆ ಆಕಾಶ ನೋಡಿಕೊಂಡು ಕೂತವನಿಗೆ, ಹೂವು ಅರಳಿದ ಮೇಲೆ ಇನ್ನೊಂದು ಮಳೆ ಬೇಕು ಅಂತ ಒದ್ದಾಡುವವನಿಗೆ ಅದು ಗೊತ್ತಾಗುತ್ತದೆ. ಸ್ಪ್ರಿಂಕ್ಲರ್ ಇಟ್ಟುಕೊಂಡವರು ಐಗುಪ್ತದವರು, ನಾವು ಕಾನಾನಿನವರು ಅಂತ ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತೇವೆ. ಮಳೆ ದೇವರ ಕೈಯಲ್ಲಿದೆ ಅನ್ನುವುದು ಪ್ರಳಯದ ದಿನ ಮಾತ್ರ ನೆನಪಾಗುವ ವಿಷಯ ಆದರೆ ಹೇಗೆ? ಅದು ಮಾರ್ಚಿಯಲ್ಲೂ ಇರಬೇಕು.


ಹಟ್ಟಿಹೊಳೆ ಹುಡುಗ:

ಕಾಫಿ ಕಣ ಅಣ್ಣ, ಜೆಸಿಬಿ ಮಾತು ನೂರಕ್ಕೆ ನೂರು ಸರಿ. ಆದರೂ ದೊಡ್ಡಪ್ಪನ ಮೇಲಿನ ಗುಡ್ಡದಲ್ಲಿ ಯಾರೂ ಏನೂ ಕಡಿದಿರಲಿಲ್ಲ. ಅಲ್ಲಿ ಬರೀ ಕಾಡು, ಏಲಕ್ಕಿ. ಹಾಗಿದ್ದೂ ಜಾರಿತು. ಅದಕ್ಕೇ ಗ್ರೇಸ್ ಅಕ್ಕ ಹೇಳಿದ ವಚನಗಳು ನನಗೆ ಚುಚ್ಚುತ್ತವೆ. ಟೀಚರ್, ಅದಕ್ಕೆ ಏನು ಹೇಳುತ್ತೀರಿ?


ವಿರಾಜಪೇಟೆ ಟೀಚರ್:

ಗ್ರೇಸ್ ಅವರು ಹೇಳಿದ ವಚನಗಳು ಬೈಬಲಿನಲ್ಲೇ ಇವೆ, ಅದನ್ನು ಮುಚ್ಚಿಡಬಾರದು. ಬಿಡಿ, ಇನ್ನೂ ಬೇಕಾದಷ್ಟು ಇವೆ. ಆದರೆ ಆಮೋಸನು ಮಾತಾಡಿದ್ದು ಯಾರ ಹತ್ತಿರ? ದೇವರ ಜೊತೆ ಒಡಂಬಡಿಕೆ ಮಾಡಿಕೊಂಡಿದ್ದ ಇಸ್ರಾಯೇಲಿನ ಹತ್ತಿರ. ಅದರಲ್ಲೂ ಬಡವರನ್ನು ತುಳಿದು ಮಜಾ ಮಾಡುತ್ತಿದ್ದ ಸಮಾರ್ಯದ ದೊಡ್ಡವರ ಹತ್ತಿರ. 4ನೇ ಅಧ್ಯಾಯದ ಮೊದಲ ವಚನವನ್ನೇ ಓದಿ. ಬಿದ್ದ ಮನೆಯವನ ಮುಂದೆ ನಿಂತು ನೀನು ಪಾಪಿ ಅಂತ ಅವನು ಹೇಳಲಿಲ್ಲ. ಪ್ರವಾದಿಗೆ ದೇವರು ತಿಳಿಸಿದ್ದನ್ನು ಪ್ರವಾದಿ ಹೇಳಿದ. ನಮಗೆ ನಿಮಗೆ ಹಟ್ಟಿಹೊಳೆಯ ವಿಷಯದಲ್ಲಿ ಯಾರು ತಿಳಿಸಿದ್ದಾರೆ?

ಬಿದ್ದ ಮನೆಯ ಕಥೆಯೇ ಬೇಕಾದರೆ, ತಪ್ಪು ಮಾಡದೆ ಕಷ್ಟಪಟ್ಟ ಯೋಬನ ಪುಸ್ತಕ ತೆಗೆಯಬೇಕು. 1ನೇ ಅಧ್ಯಾಯ 19ನೇ ವಚನ. ಮರುಭೂಮಿಯ ಕಡೆಯಿಂದ ದೊಡ್ಡ ಗಾಳಿ ಬಂದು ಮನೆಯ ನಾಲ್ಕು ಮೂಲೆಗೂ ಹೊಡೆಯಿತು, ಮನೆ ಬಿತ್ತು, ಯೋಬನ ಮಕ್ಕಳು ಸತ್ತರು. ಆಮೇಲೆ ಬಂದ ಸ್ನೇಹಿತರು ಏಳು ದಿನ ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಒಳ್ಳೆಯ ಸ್ನೇಹಿತರು. ಬಾಯಿ ತೆರೆದ ಮೇಲೆ ಶುರುವಾಯಿತು ನೋಡಿ, ನಿನ್ನ ಮಕ್ಕಳು ಪಾಪ ಮಾಡಿರಬೇಕು, ನೀನು ಏನೋ ಮುಚ್ಚಿಡುತ್ತಿದ್ದೀಯ ಅಂತ. ನಿಮ್ಮ ಹಿರಿಯರು ಹೇಳಿದ್ದೂ ಅದೇ. ಕೊನೆಗೆ 42ನೇ ಅಧ್ಯಾಯ 7ರಲ್ಲಿ ದೇವರು ಸಿಟ್ಟಾದದ್ದು ಯಾರ ಮೇಲೆ? ಪ್ರಶ್ನೆ ಕೇಳಿ ಕೇಳಿ ಗಲಾಟೆ ಮಾಡಿದ ಯೋಬನ ಮೇಲೆ ಅಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಈ ಸ್ನೇಹಿತರ ಮೇಲೆ.

ಇನ್ನೊಂದು ನನಗೆ ಯಾವಾಗಲೂ ಆಶ್ಚರ್ಯ. 38ನೇ ಅಧ್ಯಾಯದಲ್ಲಿ ದೇವರು ಯೋಬನಿಗೆ ಮಾತಾಡುವುದು ಬಿರುಗಾಳಿಯೊಳಗಿಂದ. ಮಕ್ಕಳನ್ನು ಕೊಂದದ್ದು ಗಾಳಿ, ಈಗ ಸ್ವರ ಬರುವುದೂ ಗಾಳಿಯಿಂದಲೇ! ‘ಯಾಕೆ’ ಅನ್ನುವುದಕ್ಕೆ ಅಲ್ಲಿ ಉತ್ತರ ಇಲ್ಲವೇ ಇಲ್ಲ. ಸಮುದ್ರಕ್ಕೆ ಬಾಗಿಲು ಹಾಕಿದವರು ಯಾರು, ಮಂಜಿನ ಉಗ್ರಾಣ ನೋಡಿದ್ದೀಯಾ, ಕಾಡುಮೇಕೆ ಯಾವಾಗ ಈಯುತ್ತದೆ ಗೊತ್ತಾ ಅಂತ ದೇವರೇ ಪ್ರಶ್ನೆ ಕೇಳುತ್ತಾ ಹೋಗುತ್ತಾನೆ. 26ನೇ ವಚನದಲ್ಲಿ ಮನುಷ್ಯರೇ ಇಲ್ಲದ ಕಾಡುನೆಲದ ಮೇಲೆ ಮಳೆ ಸುರಿಸುವವನು ಯಾರು ಅಂತ ಇದೆ. ಯೋಚನೆ ಮಾಡಿ, ಮನುಷ್ಯನೇ ಇಲ್ಲದ ಕಡೆ ಬಿದ್ದ ಮಳೆ ಯಾರಿಗೆ ಬಹುಮಾನ, ಯಾರಿಗೆ ಶಿಕ್ಷೆ? ಎಲ್ಲ ಮಳೆಯೂ ನಮ್ಮ ಲೆಕ್ಕಕ್ಕೇ ಬರುತ್ತದೆ ಅಂತ ಅಂದುಕೊಳ್ಳುವುದು ನಮ್ಮ ದೊಡ್ಡಸ್ತಿಕೆ. ದೊಡ್ಡಪ್ಪನ ಗುಡ್ಡ ಜಾರಿದ್ದಕ್ಕೆ ಇದು ಸಮಾಧಾನವಾ ಅಂದರೆ, ಅಲ್ಲ. ಆದರೆ ಅವರ ತಲೆಯ ಮೇಲಿಂದ ಆಪಾದನೆಯನ್ನಂತೂ ಇಳಿಸುತ್ತದೆ.


ಕಕ್ಕಡ ಮಳೆ:

ನಾನು ಕ್ರೈಸ್ತನಲ್ಲ, ಕೊಡವ. ನಡುವೆ ಬಾಯಿ ಹಾಕಬಹುದಾ? ನನ್ನ ಕ್ಲಾಸ್‌ಮೇಟ್ ಒಬ್ಬ ಈ ಲಿಂಕ್ ಕಳಿಸಿದ, ಓದುತ್ತಾ ಕೂತೆ.

ನಮ್ಮಲ್ಲೂ ಮಳೆ ಬೆಳೆಗೆ ಇಗ್ಗುತ್ತಪ್ಪನನ್ನು ಕೇಳಿಕೊಳ್ಳುತ್ತೇವೆ, ಕಕ್ಕಬೆ ಹತ್ತಿರ ಪಾಡಿಯಲ್ಲಿ. ಕಾವೇರಿ ಅಮ್ಮ ಅಂತೂ ಇದ್ದೇ ಇದ್ದಾಳೆ. ಅದಕ್ಕೇ ಬಾಳನ ಕಥೆ ಓದಿದಾಗ ನಗು ಬಂತು, ಎಲ್ಲ ಬೆಟ್ಟದ ಜನಕ್ಕೂ ಇದೇ ಚಿಂತೆ ನೋಡಿ. 2018ರಲ್ಲಿ ನಮ್ಮ ಕಡೆಯೂ ಇದೇ ಮಾತು ಕೇಳಿದ್ದೇನೆ. ಕಟ್ಟುಪಾಡು ಬಿಟ್ಟಿದ್ದಕ್ಕೆ ದೇವರು ಮುನಿದಿದ್ದಾರೆ, ಹೊರಗಿನವರು ಬಂದು ಮೈಲಿಗೆ ಮಾಡಿದ್ದಕ್ಕೆ ಹೀಗಾಯಿತು ಅಂತ. ಆಮೇಲೆ 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿ ಅಲ್ಲಿನ ಪ್ರಧಾನ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ದಿನಾ ಕಾವೇರಮ್ಮನ ಪೂಜೆ ಮಾಡುತ್ತಿದ್ದವರು. ಆಗ ಹಾಗೆ ಹೇಳುವವರ ಬಾಯಿ ಸ್ವಲ್ಪ ಕಟ್ಟಿತು. ಅದರ ಹಿಂದಿನ ವರ್ಷ ತೋರ ಗ್ರಾಮದಲ್ಲಿ ಗುಡ್ಡ ಜಾರಿ ಹೋದವರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

ನನ್ನದೊಂದು ಸಣ್ಣ ಡೌಟು. ಕ್ಲಾಸ್‌ಮೇಟ್ ಕೊಟ್ಟ ಬೈಬಲ್ ಮನೆಯಲ್ಲಿದೆ, ತೆಗೆದು ನೋಡಿದೆ. ಮೊದಲನೇ ಸಾಲಿನಲ್ಲಿ ದೇವಪುತ್ರರೇ, ಯೆಹೋವನಿಗೆ ಮಹಿಮೆ ಸಲ್ಲಿಸಿ ಅನ್ನುವ ಹಾಗೆ ಇದೆ. ನಿಮ್ಮಲ್ಲಿ ದೇವರು ಒಬ್ಬನೇ ಅಲ್ವಾ, ಈ ದೇವಪುತ್ರರು ಯಾರು?


ವಿರಾಜಪೇಟೆ ಟೀಚರ್:

ಧಾರಾಳವಾಗಿ ಬನ್ನಿ, ಕೇಳುವುದಕ್ಕೆ ಏನು? ಚುಟುಕಾಗಿ ಹೇಳುವುದಾದರೆ, ಅದು ಸ್ವರ್ಗದ ಸಭೆ. ರಾಜನ ಸುತ್ತ ಆಸ್ಥಾನದವರು ಇರುವ ಹಾಗೆ ದೇವರ ಸುತ್ತ ಇರುವವರು. ಯೋಬನ 1ನೇ ಅಧ್ಯಾಯದಲ್ಲೂ ಬರುತ್ತಾರೆ. ನಂತರದವರು ದೇವದೂತರು ಅಂತ ಓದಿದರು. ಬಾಳನ ಕಥೆಯಲ್ಲೂ ಇಂಥ ದೇವಸಭೆ ಇದೆ, ಆದರೆ ಅಲ್ಲಿ ಅವರವರಲ್ಲೇ ಜಗಳ ಇರುತ್ತದೆ. ಕೀರ್ತನೆಯಲ್ಲಿ ಅವರಿಗೆ ಒಂದೇ ಕೆಲಸ, ಮಹಿಮೆ ಮಹಿಮೆ ಅನ್ನುವುದು.


ಗ್ರೇಸ್ ಕುಟುಂಬ, ಸಿದ್ದಾಪುರ:

ಯೋಬನ ವಿಷಯ ಒಪ್ಪುತ್ತೇನೆ ಟೀಚರ್. ಆದರೆ ಲೂಕ 13 ಬಿಟ್ಟಿರಿ. ಸಿಲೊವಾಮಿನ ಬುರುಜು ಬಿದ್ದು 18 ಜನ ಸತ್ತಾಗ ಯೇಸು ಏನು ಹೇಳಿದನು? ಅವರು ಯೆರೂಸಲೇಮಿನ ಎಲ್ಲರಿಗಿಂತ ಪಾಪಿಗಳು ಅಂದುಕೊಂಡಿರಾ, ಅಲ್ಲ ಅಂದನು. ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ಮುಂದಿನ ಮಾತೂ ಇದೆ, ನೀವು ತಿರುಗಿಕೊಳ್ಳದೆ ಹೋದರೆ ನೀವೂ ಹಾಗೇ ನಾಶವಾಗುತ್ತೀರಿ ಅಂತ. ಎಚ್ಚರಿಕೆ ಇದೆ ಅಂತ ನಾನು ಹೇಳಿದ್ದು ಅದಕ್ಕೇ.


ಕಾಫಿ ಕಣ:

ಗ್ರೇಸ್ ಅಕ್ಕ, ಆ ಎಚ್ಚರಿಕೆ ಯಾರಿಗೆ ನೋಡಿ. ಸತ್ತವರಿಗಲ್ಲ, ಅವರ ಮನೆಯವರಿಗಲ್ಲ. ಬದುಕಿ ಉಳಿದು, ಅವರು ಯಾಕೆ ಸತ್ತರು ಅಂತ ಹರಟೆ ಹೊಡೆಯುತ್ತಾ ಬಂದವರಿಗೆ. ಅಂದರೆ ಪ್ರಾರ್ಥನೆಯಲ್ಲಿ ತಲೆ ಆಡಿಸಿದವರಿಗೆ, ಮತ್ತೆ ನಮಗೆ ನಿಮಗೆ. ಹಾಗಾದರೆ ನಾನೂ ಒಪ್ಪುತ್ತೇನೆ.


ಗ್ರೇಸ್ ಕುಟುಂಬ, ಸಿದ್ದಾಪುರ:

ಸರಿ, ಅದು ನ್ಯಾಯ. ಆದರೂ ಭಯ ಬೇಡ ಅನ್ನುವವರ ಜೊತೆ ನಾನಿಲ್ಲ.


ಹಟ್ಟಿಹೊಳೆ ಹುಡುಗ:

ಥ್ಯಾಂಕ್ಸ್ ಎಲ್ಲರಿಗೂ. ಯೋಬನ ಭಾಗ ರಾತ್ರಿ ಕೂತು ಓದಿದೆ, 38ರಿಂದ 41ರವರೆಗೆ ಒಂದೇ ಸಲ. ಶಿಕ್ಷೆಯ ಪ್ರಶ್ನೆ ನನಗೆ ಬಗೆಹರಿಯಿತು ಅಂತಲೇ ಇಟ್ಟುಕೊಳ್ಳಿ.

ಆದರೆ ಅದಕ್ಕಿಂತ ಕಷ್ಟದ್ದು ಒಂದು ಉಳಿದಿದೆ. ಮಾರ್ಕ 4ರಲ್ಲಿ ಯೇಸು ಗಾಳಿಯನ್ನು ಗದರಿಸುತ್ತಾನೆ, ಸಮುದ್ರಕ್ಕೆ ಸುಮ್ಮನಿರು ಅನ್ನುತ್ತಾನೆ, ತಕ್ಷಣ ಎಲ್ಲ ಶಾಂತ. ಒಂದು ಮಾತಿಗೆ ನಿಲ್ಲಿಸಲು ಆಗುತ್ತದೆ ಅಂದ ಮೇಲೆ ನಿಲ್ಲಿಸದೆ ಇರುವುದು ಯಾಕೆ? ಬಾಳನ ಮೇಲೆ ಗೆದ್ದ ಕಥೆ ನನಗೆ ಅಷ್ಟು ಬೇಕಾಗಿಲ್ಲ. ಶಿಕ್ಷೆ ಅಲ್ಲ ಸರಿ, ಹಾಗಾದರೆ ಸುಮ್ಮನೆ ನೋಡಿಕೊಂಡು ಕೂತಿದ್ದನಾ? ‘ಕೂತಿದ್ದಾನೆ’ ಅನ್ನುವ ಆ 10ನೇ ವಚನ ಈಗ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ.


ಮಡಿಕೇರಿ ಬಸ್‌ಸ್ಟ್ಯಾಂಡ್:

ಇಷ್ಟು ದಿನ ಬರೀ ಓದುತ್ತಿದ್ದೆ, ಈಗ ಬರೆಯಬೇಕು ಅನ್ನಿಸಿತು. ನಾನು 2018ರಲ್ಲಿ ಮಡಿಕೇರಿಯ ಪರಿಹಾರ ಕೇಂದ್ರ ಒಂದರಲ್ಲಿ ಅಡುಗೆಗೆ ಹೋಗುತ್ತಿದ್ದೆ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆಯವರೆಲ್ಲ ಬರುತ್ತಿದ್ದರು, ಉಟ್ಟ ಬಟ್ಟೆಯಲ್ಲಿ. ಅಲ್ಲಿ ನೀನು ಕೇಳಿದ ಪ್ರಶ್ನೆಯನ್ನೇ ಒಬ್ಬ ಅಜ್ಜಿ ಕೇಳಿದರು, ನಿನ್ನ ದೇವರು ಎಲ್ಲಿ ಮಲಗಿದ್ದ ಅಂತ. ನನಗೆ ಉತ್ತರ ಬರಲಿಲ್ಲ, ಅನ್ನ ಬಡಿಸಿದೆ.

ಮಾರ್ಕನನ್ನು ಆಮೇಲೆ ಓದಿದಾಗ ಕಣ್ಣಿಗೆ ಬಿದ್ದದ್ದು, ಶಿಷ್ಯರು ಕೇಳಿದ್ದೂ ಅದನ್ನೇ. ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆ ಇಟ್ಟು ನಿದ್ದೆ ಮಾಡುತ್ತಿದ್ದ. ಗುರುವೇ, ನಾವು ಮುಳುಗಿ ಹೋದರೂ ನಿನಗೆ ಚಿಂತೆ ಇಲ್ಲವಾ ಅಂತ ಬೈದು ಎಬ್ಬಿಸಿದರು. ಮೀನುಗಾರರು ಅವರು, ಆ ಸರೋವರದಲ್ಲೇ ಬೆಳೆದವರು, ಸುಮ್ನೆ ಹೆದರುವವರಲ್ಲ. ಮಾರ್ಕ ಸಮುದ್ರ ಅನ್ನುವುದು ಗಲಿಲಾಯ ಸರೋವರವನ್ನೇ, ಅದು ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗೆ ಇದೆ, ಸುತ್ತ ಗುಡ್ಡ. ಮೇಲಿನ ತಣ್ಣನೆಯ ಗಾಳಿ ಕಣಿವೆಗಳಲ್ಲಿ ನುಗ್ಗಿ ಇಳಿದರೆ ಸ್ವಲ್ಪ ಹೊತ್ತಿನಲ್ಲೇ ಅಲೆ ಏಳುತ್ತದೆ. 1986ರಲ್ಲಿ ಬರ ಬಂದು ಸರೋವರದ ನೀರು ಇಳಿದಾಗ ಯೇಸುವಿನ ಕಾಲದ ಒಂದು ಹಳೆಯ ದೋಣಿ ಕೆಸರಿನಲ್ಲಿ ಸಿಕ್ಕಿತು. ಉದ್ದ ಎಂಟು ಮೀಟರಿನ ಮೇಲೆ ಸ್ವಲ್ಪ, ಅಗಲ ಎರಡೂಕಾಲು ಮೀಟರಿನ ಹತ್ತಿರ. ಅಷ್ಟು ಸಣ್ಣ ದೋಣಿಯಲ್ಲಿ ಅಷ್ಟು ಜನ.

ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಇದೆ ಅನ್ನುವವರನ್ನು ನಾನು ನಂಬುವುದೂ ಇಲ್ಲ. ಆದರೆ ಎರಡು ವಿಷಯ ಹೇಳುತ್ತೇನೆ. ಚಿಂತೆ ಇಲ್ಲವಾ ಅಂತ ಕೇಳಿದ್ದಕ್ಕೆ ಅವರನ್ನು ದೋಣಿಯಿಂದ ಇಳಿಸಲಿಲ್ಲ. ನಂಬಿಕೆ ಎಲ್ಲಿ ಅಂತ ಗದರಿದ, ನಿಜ. ಆದರೆ ಮೊದಲು ಗಾಳಿ ನಿಲ್ಲಿಸಿ ಆಮೇಲೆ ಗದರಿದ. ಎರಡನೆಯದು, ಅವನು ಇದ್ದದ್ದು ಪ್ರಳಯದ ಮೇಲೆ ಅಲ್ಲ, ಅದೇ ದೋಣಿಯಲ್ಲಿ. ಮುಳುಗಿದ್ದರೆ ಅವನೂ ಮುಳುಗುತ್ತಿದ್ದ. ಕೀರ್ತನೆ 29 ಒಂದನ್ನೇ ಓದಿದರೆ ಆ ಸಿಂಹಾಸನ ತುಂಬ ಎತ್ತರದಲ್ಲಿದೆ ಅನ್ನಿಸುತ್ತದೆ, ನೀನು ಹೇಳಿದ್ದು ಸರಿ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದು. ಕೀರ್ತನೆ 44ರ ಕೊನೆಯನ್ನೂ ಸೇರಿಸಿಕೋ, ಅಲ್ಲಿ ದೇವರನ್ನೇ ಯಾಕೆ ನಿದ್ದೆ ಮಾಡುತ್ತೀಯ, ಎದ್ದೇಳು ಅಂತ ಕೂಗುತ್ತಾರೆ. ಬೈಬಲಿನಲ್ಲೇ ಬೈಯುವುದಕ್ಕೆ ಜಾಗ ಇದೆ. ನಿನ್ನ ದೊಡ್ಡಪ್ಪನಿಗೆ ಅದನ್ನು ಯಾರಾದರೂ ಹೇಳಿದ್ದಾರಾ?


ಹಟ್ಟಿಹೊಳೆ ಹುಡುಗ:

ಇಲ್ಲ ಅಕ್ಕ, ಯಾರೂ ಹೇಳಿಲ್ಲ. ಅವರು ಮಳೆ ಜೋರಾದರೆ ರಾತ್ರಿ ಎದ್ದು ಕೂರುತ್ತಾರೆ, ಏನೂ ಮಾತಾಡುವುದಿಲ್ಲ. 44ನ್ನು ಓದಿ ಹೇಳುತ್ತೇನೆ. ಒಪ್ಪುತ್ತಾರೋ ಇಲ್ಲವೋ, ಹಳೆಯ ಕಾಲದವರು.

ಮಾರ್ಕ 4 ಮತ್ತೆ ತೆಗೆದು ನೋಡುವಾಗ 36ನೇ ವಚನದಲ್ಲಿ ‘ಬೇರೆ ದೋಣಿಗಳೂ ಅವನ ಸಂಗಡ ಇದ್ದವು’ ಅಂತ ಇದೆ. ಇಷ್ಟು ಸಲ ಕೇಳಿದ್ದೇನೆ, ಇದು ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ. ಆ ದೋಣಿಗಳಿಗೆ ಏನಾಯಿತು? ಅವುಗಳಲ್ಲಿ ಯೇಸು ಇರಲಿಲ್ಲವಲ್ಲ.


ವಿರಾಜಪೇಟೆ ಟೀಚರ್:

ಮಾರ್ಕನು ಮತ್ತೆ ಅವುಗಳ ಹೆಸರೇ ಎತ್ತುವುದಿಲ್ಲ. ಬಂದವು, ಅಷ್ಟೇ. ಮತ್ತಾಯ, ಲೂಕ ಇದೇ ಕಥೆ ಹೇಳುವಾಗ ಆ ದೋಣಿಗಳನ್ನೇ ಬಿಟ್ಟುಬಿಟ್ಟಿದ್ದಾರೆ.

ಆದರೆ ಗಾಳಿ ನಿಂತದ್ದು ಒಂದು ದೋಣಿಯ ಸುತ್ತ ಮಾತ್ರ ಅಲ್ಲ, ಇಡೀ ಸರೋವರದಲ್ಲಿ. ಹಾಗಾಗಿ ಅವರೂ ಉಳಿದಿರಬೇಕು ಅಂತ ನಾನು ಓದುತ್ತೇನೆ. ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಮಳೆ ಸುರಿಸುತ್ತಾನೆ ಅಂತ ಮತ್ತಾಯ 5ರಲ್ಲಿ ಇದೆಯಲ್ಲ, ಅದರ ಜೊತೆಗೆ ಹೊಂದುತ್ತದೆ.


ಕಕ್ಕಡ ಮಳೆ:

ಹಾಗಾದರೆ ಆ ದೋಣಿಯವರಿಗೆ ಯಾರು ನಿಲ್ಲಿಸಿದರು ಅಂತಲೇ ಗೊತ್ತಾಗಿರುವುದಿಲ್ಲ. ಗಾಳಿ ತಾನಾಗಿಯೇ ನಿಂತಿತು ಅಂದುಕೊಂಡು ಬಲೆ ಸರಿ ಮಾಡುತ್ತಾ ಮನೆಗೆ ಹೋಗಿರುತ್ತಾರೆ. ನಾನು ಬಹುಶಃ ಆ ದೋಣಿಯವನು 😄


ಗ್ರೇಸ್ ಕುಟುಂಬ, ಸಿದ್ದಾಪುರ:

ಯೇಸು ಇದ್ದ ದೋಣಿಯಲ್ಲಿದ್ದವರಿಗೂ ಗೊತ್ತಾಗಲಿಲ್ಲ ಬ್ರದರ್. ಗಾಳಿಯೂ ಸಮುದ್ರವೂ ಮಾತು ಕೇಳುತ್ತವಲ್ಲ, ಇವನು ಯಾರು ಅಂತ ಅವರವರೇ ಕೇಳಿಕೊಂಡರು. ಅಲೆ ಎದ್ದಾಗಿನದಕ್ಕಿಂತ ಅಲೆ ನಿಂತ ಮೇಲೆಯೇ ಅವರಿಗೆ ಭಯ ಜಾಸ್ತಿಯಾಯಿತು, 41ನೇ ವಚನ ನೋಡಿ. ಭಯದ ಬಗ್ಗೆ ನಾನು ಹೇಳಿದ್ದು ಆ ಭಯವೇ.